ರೋಮನ್ ಸೈನಿಕನ ಸ್ಯಾಲರಿ ಸ್ಲಿಪ್



ರೋಮನ್ ಸೈನಿಕ ಅಂದ ತಕ್ಷಣ ಕಣ್ಣ ಮುಂದೆ ಏನು ಬರುತ್ತೆ? ಫಳಫಳ ಹೊಳೆಯೋ ಕವಚ, ಕೆಂಪು ಬಟ್ಟೆ, ಜುಟ್ಟಿರೋ ಶಿರಸ್ತ್ರಾಣ. ಸಿನಿಮಾ ನೋಡಿ ನೋಡಿ ನನಗೂ ಹಾಗೇ ಇತ್ತು. ಆದ್ರೆ ಓದಿದ್ದು ಬಿಕಾಂ ನೋಡಿ, ನನಗೆ ಮೊದಲು ಹುಟ್ಟಿದ ಪ್ರಶ್ನೆನೇ ಬೇರೆ. ಇದಕ್ಕೆಲ್ಲ ದುಡ್ಡು ಯಾರು ಕೊಟ್ಟಿದ್ದು?

ಉತ್ತರ ಒಂದು ಪಪೈರಸ್ ಚೂರಿನಲ್ಲಿದೆ. ಇವತ್ತಿನ ಇಸ್ರೇಲ್‌ನಲ್ಲಿ, ಮೃತ ಸಮುದ್ರದ ಪಕ್ಕ, ಮಸಾಡ ಅನ್ನೋ ಬೆಟ್ಟದ ಕೋಟೆ ಇದೆ. ಕ್ರಿ.ಶ. 70ರ ದಶಕದಲ್ಲಿ ರೋಮನ್ ಸೇನೆ ಮುತ್ತಿಗೆ ಹಾಕಿ ಹಿಡಿದ ಕೋಟೆ. ಅಲ್ಲಿ ಸಿಕ್ಕಿದ್ದು ಗೈಯಸ್ ಮೆಸಿಯಸ್ ಅನ್ನೋ ಸೈನಿಕನ ಸಂಬಳದ ಲೆಕ್ಕ. ಊರು ಬೈರೂತ್.

ಆಗ ಸಂಬಳ ತಿಂಗಳಿಗಲ್ಲ, ವರ್ಷಕ್ಕೆ 3 ಕಂತು. ಈ ಕಂತಿಗೆ ಅವನ ಹೆಸರಿಗೆ ಬಂದಿದ್ದು 50 ದಿನಾರಿಯಸ್, ಅಂದ್ರೆ 50 ಬೆಳ್ಳಿ ನಾಣ್ಯ. ಈಗ ಕಡಿತ ಕೇಳಿ. ಬಾರ್ಲಿಗೆ 16, ಊಟಕ್ಕೆ 20, ಬೂಟಿಗೆ 5, ಚರ್ಮದ ಪಟ್ಟಿಗಳಿಗೆ 2, ಲಿನನ್ ಟ್ಯೂನಿಕ್‌ಗೆ 7. ಕೂಡಿಸಿ ನೋಡಿ. ಐವತ್ತಕ್ಕೆ ಐವತ್ತು! ಕೈಗೆ ಸಿಕ್ಕಿದ್ದು ಸೊನ್ನೆ.

ನನ್ನ ಮೊದಲ ಕೆಲಸದಲ್ಲಿ ಯೂನಿಫಾರ್ಮ್ ಶರ್ಟಿನ ದುಡ್ಡನ್ನ ಸಂಬಳದಲ್ಲೇ ಹಿಡಿದಿದ್ರು. ಆ ಸ್ಲಿಪ್ ನೋಡಿ ಆದ ಸಂಕಟ ಇನ್ನೂ ನೆನಪಿದೆ. ಮೆಸಿಯಸ್ಸನ್ನ ನೋಡಿದ ಮೇಲೆ ಸ್ವಲ್ಪ ಸಮಾಧಾನ ಆಯ್ತು ಅನ್ನಿ.

ಟ್ಯೂನಿಕ್ ಅಂದ್ರೆ ಮೊಣಕಾಲ ಹತ್ತಿರದವರೆಗೆ ಬರೋ ಸಡಿಲ ಅಂಗಿ, ಸೊಂಟಕ್ಕೆ ಬೆಲ್ಟು. ಅದರ ಮೇಲೆ ಕವಚ. ಕಬ್ಬಿಣದ ಉಂಗುರಗಳನ್ನ ಹೆಣೆದು ಮಾಡಿದ್ದಾದ್ರೆ 10 ಕಿಲೋ ಆಸುಪಾಸು ತೂಕ. ಕುತ್ತಿಗೆ ಉಜ್ಜಿ ಗಾಯ ಆಗದಿರಲಿ ಅಂತ ಒಂದು ವಸ್ತ್ರ ಸುತ್ಕೋತಿದ್ರು. ಚಳಿಗೆ ಉಣ್ಣೆಯ ಹೊದಿಕೆ. ಕಾಲಿಗೆ ಕಲಿಗ, ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದ ಚರ್ಮದ ಬೂಟು. ನಡೆದೂ ನಡೆದೂ ಸವೆಯೋದೇ ಅದು. ಅದೇ ಕಾಲದ ಚಕ್ರವರ್ತಿ ವೆಸ್ಪೇಸಿಯನ್ ಹತ್ರ ರೋಮ್‌ಗೆ ಕಾಲ್ನಡಿಗೆಯಲ್ಲಿ ಓಡಾಡ್ತಿದ್ದ ನೌಕಾಪಡೆಯವರು ಬೂಟಿನ ಭತ್ಯೆ ಕೇಳಿದ್ರಂತೆ. ಅವನು ಕೊಟ್ಟ ಆದೇಶ: ಇನ್ಮೇಲೆ ಬರಿಗಾಲಲ್ಲಿ ಓಡಿ. ಇದನ್ನ ಬರೆದಿಟ್ಟವನು ಸ್ಯೂಟೋನಿಯಸ್.

ಇದನ್ನ ಸರಿ ಮಾಡೋಕೆ ಯಾರೂ ನೋಡ್ಲಿಲ್ವಾ? ನೋಡಿದ್ರು. ಕ್ರಿ.ಪೂ. 123ರಲ್ಲೇ ಗೈಯಸ್ ಗ್ರಾಕಸ್, ಬಟ್ಟೆಯ ಖರ್ಚು ಸರ್ಕಾರದ್ದು, ಸಂಬಳದಲ್ಲಿ ಹಿಡಿಯಬಾರದು ಅಂತ ಕಾನೂನು ತಂದಿದ್ದ. ನಿಲ್ಲಲಿಲ್ಲ. ಕ್ರಿ.ಶ. 14ರಲ್ಲಿ ಚಕ್ರವರ್ತಿ ಆಗಸ್ಟಸ್ ತೀರಿಕೊಂಡಾಗ ಪನೋನಿಯಾ ಪ್ರಾಂತ್ಯದ ಸೈನಿಕರು ದಂಗೆ ಎದ್ರು. ಮುಂದೆ ನಿಂತವನು ಪರ್ಸೆನಿಯಸ್. ಸೇನೆಗೆ ಸೇರೋ ಮುಂಚೆ ನಾಟಕಗಳಲ್ಲಿ ಚಪ್ಪಾಳೆ ಹೊಡೆಸೋ ಗುಂಪಿನ ಲೀಡರ್ ಆಗಿದ್ನಂತೆ, ಮಾತಿಗೇನು ಕೊರತೆ! ದಿನಕ್ಕೆ ಸಿಗೋದು 10 ಆಸ್, ಬಟ್ಟೆ, ಆಯುಧ, ಟೆಂಟು ಎಲ್ಲ ಅದರಲ್ಲೇ ಅಂತ ಕೂಗಿದ. ಕೇಳಿದ್ದು ದಿನಕ್ಕೆ ಒಂದು ದಿನಾರಿಯಸ್, ಅಂದ್ರೆ 16 ಆಸ್. ಹೊಸ ಚಕ್ರವರ್ತಿಯ ಮಗ ಡ್ರೂಸಸ್ ಬಂದು ಅವನನ್ನ ಕೊಲ್ಲಿಸಿದ. ಮೆಸಿಯಸ್‌ನ ಕಡಿತ ಇದಾದ ಸುಮಾರು 60 ವರ್ಷದ ಮೇಲಿನದು.

ಕೊನೆಗೆ ಇನ್ನೊಂದು ಚೀಟಿ. ಇಂಗ್ಲೆಂಡಿನ ಉತ್ತರದಲ್ಲಿ ವಿಂಡೋಲಾಂಡ ಅನ್ನೋ ರೋಮನ್ ಠಾಣೆ. ಅಲ್ಲಿಯ ಚಳಿ ಕೇಳಬೇಡಿ. 1973ರಲ್ಲಿ ಅಲ್ಲಿ ತೆಳು ಮರದ ಹಾಳೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಗೋಕೆ ಶುರುವಾದ್ವು. ಒಂದರಲ್ಲಿ ಯಾರೋ ಯಾರಿಗೋ ಬರೀತಾರೆ: ಕಾಲುಚೀಲ ಕಳಿಸಿದ್ದೀನಿ, ಎರಡು ಜೊತೆ ಚಪ್ಪಲಿ, ಎರಡು ಚಡ್ಡಿ.

ಕಳಿಸಿದವರ ಹೆಸರು ಅಳಿಸಿಹೋಗಿದೆ. ನನಗಂತೂ ಅಮ್ಮ ಅಂತಲೇ ಅನ್ಸುತ್ತೆ. ಮುಂದಿನ ವಾರ ಸಿಗೋಣ.