ಗಾಳಕ್ಕೂ ಪರವಾನಗಿ ಬೇಕೆ?

ಬೇಸಿಗೆ ರಜೆ ಬಂತೆಂದರೆ ನಮ್ಮ ಕುಂದಾಪುರ ಸೀಮೆಗೆ ಪರಸ್ಥಳದವರ ಆಗಮನ ಹೆಚ್ಚು. ಕೊಲ್ಲೂರಿಗೆ ಬಂದವರು, ಮರವಂತೆಯ ಮರಳಿನಲ್ಲಿ ಕಾಲು ತೋಯಿಸಿಕೊಳ್ಳಲು ಬಂದವರು ಮೊದಲಿನಿಂದಲೂ ಉಂಟು. ಇವರ ನಡುವೆ ಇತ್ತೀಚೆಗೆ ಇನ್ನೊಂದು ಬಗೆಯವರು ಕಾಣಿಸುತ್ತಿದ್ದಾರೆ. ಕೈಯಲ್ಲಿ ಮಡಚುವ ಕೋಲು, ಅದರ ಬುಡದಲ್ಲಿ ದಾರ ಸುತ್ತುವ ರಾಟೆ, ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಸುಳ್ಳು ಮೀನುಗಳು. ಇವರದು ಹೊಟ್ಟೆಪಾಡಲ್ಲ, ವಿನೋದ. ಹಿಡಿದ ಕೆಂಬೇರಿಯನ್ನು ಎತ್ತಿ ಹಿಡಿದು ಚಿತ್ರ ತೆಗೆಸಿಕೊಂಡು, ಮರಳಿ ನೀರಿಗೇ ಬಿಡುವವರೂ ಇದ್ದಾರೆ. ಅದನ್ನು ಕಂಡ ಮೊಗವೀರ ಹಿರಿಯರೊಬ್ಬರು, "ಬಿಡುದಾರೆ ಹಿಡುದ್ ಎಂತಕೆ ಮಾಷ್ಟ್ರೆ?" ಎಂದು ನನ್ನನ್ನು ಕೇಳಿದರು. ಅದಕ್ಕೆ ಉತ್ತರ ಯಾವ ವ್ಯಾಕರಣದಲ್ಲೂ ಇಲ್ಲ.

ಆದರೆ ಬಂದವರು ಕೇಳುವ ಪ್ರಶ್ನೆ ಬೇರೆ: "ನಾವು ಹೊರರಾಜ್ಯದವರು, ಇಲ್ಲಿ ಗಾಳ ಹಾಕಲು ಲೈಸನ್ಸು ಬೇಕೇ?" ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ.

ನೀರಿನ ಬೆಳೆಗೆ ತೆರಿಗೆ ಎಂಬುದು ಹಳೆಯ ವಿಚಾರವೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯುಂಟು. ಮೀನು ಹಿಡಿಯುವವರು ನೌಕೆಯ ಬಾಡಿಗೆಯಾಗಿ ಹಿಡಿದುದರಲ್ಲಿ ಆರನೆಯ ಒಂದು ಪಾಲನ್ನು ಕೊಡಬೇಕೆಂದು ಅಲ್ಲಿ ವಿಧಿಸಿದೆ. ಕರ ಬಿದ್ದುದು ದೋಣಿಯ ಹೆಸರಿನಲ್ಲಿ ಎಂಬುದನ್ನು ಗಮನಿಸಬೇಕು. ಸಂಸ್ಕೃತದಲ್ಲಿ ಗಾಳಕ್ಕೆ ಬಡಿಶವೆಂಬ ಚೆಂದದ ಹೆಸರಿದೆ, ಆದರೆ ಈ ವಿಧಿಯಲ್ಲಿ ಅದರ ಸುದ್ದಿಯಿಲ್ಲ.

ಇಂದಿನ ನಮ್ಮ ಕಾನೂನಿನ ದೃಷ್ಟಿಯೂ ಬಹುಮಟ್ಟಿಗೆ ದೋಣಿಯ ಮೇಲೆಯೇ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೀನುಗಾರಿಕೆ ರಾಜ್ಯಗಳ ಪಟ್ಟಿಗೆ ಸೇರಿದೆ. ಪ್ರಾದೇಶಿಕ ಸಮುದ್ರದಿಂದಾಚೆಗಿನದು ಮಾತ್ರ ಕೇಂದ್ರಕ್ಕೆ. ಪ್ರಾದೇಶಿಕ ಸಮುದ್ರವೆಂದರೆ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರು. ಅಷ್ಟರೊಳಗೆ ನಡೆಯುವುದು 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ. ಮೀನು ಹಿಡಿಯುವ ದೋಣಿಗೆ ನೋಂದಣಿ, ಪರವಾನಗಿ ಇವೆಲ್ಲ ಅದರಲ್ಲಿವೆ. ವಿದೇಶೀ ಹಡಗುಗಳಿಗೆ 1981ರ ಕೇಂದ್ರ ಕಾಯಿದೆ ಬೇರೆ. ದಡದಲ್ಲಿ ನಿಂತು ಒಂದು ಗಾಳ ಎಸೆಯುವ ಮನುಷ್ಯ, ಅವನು ಗಂಗೊಳ್ಳಿಯವನಾಗಲಿ ಪರರಾಜ್ಯದವನಾಗಲಿ, ಈ ಕಾಯಿದೆಗಳ ಕಣ್ಣಿಗೆ ಅಷ್ಟಾಗಿ ಬೀಳುವವನಲ್ಲ. ಅವನೇ ದೋಣಿ ಹತ್ತಿ ಹೊರಟರೆ ಮಾತ್ರ ಸಂಗತಿ ಬದಲಾಗುತ್ತದೆ. ಆ ದೋಣಿಯ ಕಾಗದಪತ್ರ ಸರಿಯಾಗಿದೆಯೆ, ತನ್ನ ಗುರುತಿನ ಚೀಟಿ ಜೇಬಿನಲ್ಲಿದೆಯೆ ಎಂದು ನೋಡಿಕೊಳ್ಳಬೇಕು. 2008ರ ಮುಂಬಯಿಯ ದುರ್ಘಟನೆಯ ಅನಂತರ ಕಡಲ ಕಾವಲು ಬಿಗಿಯಾಗಿದೆ.

ಉಪ್ಪುನೀರು ಬಿಟ್ಟು ಮೇಲಕ್ಕೆ ಬಂದರೆ ಮತ್ತೆ ಬೇರೆ ಲೆಕ್ಕ. ನಮ್ಮ ವಂಡ್ಸೆಯ ಬದಿಯ ಚಕ್ರಾ ನದಿ ಸೌಪರ್ಣಿಕಾ, ವಾರಾಹಿ ಮೊದಲಾದವುಗಳ ಜೊತೆಗೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುತ್ತದೆ. ನದಿ, ಕೆರೆ, ಜಲಾಶಯಗಳಿಗೆ 1996ರ ಒಳನಾಡು ಮೀನುಗಾರಿಕೆ ಕಾಯಿದೆಯಿದೆ. ಅಲ್ಲಿ ಗುತ್ತಿಗೆ, ಪರವಾನಗಿಗಳ ಮಾತು ಬರುತ್ತದೆ. ಮೀನಿಗೆ ಈ ಗಡಿಯ ಗೊಡವೆಯಿಲ್ಲ, ಮನುಷ್ಯನಿಗೆ ಉಂಟು.

ವಿನೋದದ ಗಾಳವೂ ನಮ್ಮ ಜಿಲ್ಲೆಗೆ ಹೊಸತಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವನ್ನು 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚು ಹಾಕಿಸಿದರು. ಗಾಳದ ಮೋಹವಿದ್ದವರೇ ಸಣ್ಣ ಕಣ್ಣಿನ ಬಲೆಯಿಂದ ಮರಿಮೀನು ನಾಶವಾಗುವುದನ್ನು, ಹೊಳೆಗೆ ವಿಷ ಹಾಕುವುದನ್ನು ಕಂಡು ಮೊದಲು ಕೂಗಿದ್ದು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸಿತು. ಸಿಡಿಮದ್ದಿನ ನಿಷೇಧ ದಡದಿಂದ ಒಂದು ಕಡಲ ಹರದಾರಿಯ ತನಕ, ಎಂದರೆ 3 ನಾಟಿಕಲ್ ಮೈಲು, ಸಮುದ್ರಕ್ಕೂ ಹಬ್ಬಿತ್ತು.

ನಮ್ಮ ಮನೆಗಳ ಮಕ್ಕಳು ಈಗ ಅಮೇರಿಕೆಯಲ್ಲಿದ್ದಾರೆ. ಅಲ್ಲಿಯ ಕ್ರಮವನ್ನೂ ಕೇಳಬೇಕು. ಫ್ಲಾರಿಡಾದಲ್ಲಿ ಪರರಾಜ್ಯದವನು ಕಡಲ ಮೀನಿಗೆ ಗಾಳ ಹಾಕಬೇಕಾದರೆ 3 ದಿನಕ್ಕೆ 17 ಡಾಲರು, ಏಳು ದಿನಕ್ಕೆ 30, ವರ್ಷಕ್ಕೆ 47 ತೆರಬೇಕು. 16 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ. ಪರವಾನಗಿಯುಳ್ಳ ಬಾಡಿಗೆ ದೋಣಿಯಲ್ಲಿ ಹೋದವನಿಗೆ ಪ್ರತ್ಯೇಕ ಚೀಟಿ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಕಡಲಿನ ಸಾರ್ವಜನಿಕ ಕಟ್ಟೆಯ ಮೇಲೆ ನಿಂತವನಿಗೆ ಪರವಾನಗಿಯೇ ಬೇಡ. ನ್ಯೂಜೆರ್ಸಿಯಲ್ಲಿ ಹೆಸರು ಬರೆಸಿದರೆ ಸಾಕು, ಕಾಸಿಲ್ಲ. 1950ರಲ್ಲಿ ಅವರು ಮಾಡಿದ ಕಾಯಿದೆಯೊಂದರಂತೆ, ಕೇಂದ್ರದ ನೆರವು ಬೇಕಾದ ರಾಜ್ಯ ಗಾಳದ ಪರವಾನಗಿಯ ಹಣವನ್ನು ಬೇರೆ ಖರ್ಚಿಗೆ ತಿರುಗಿಸುವಂತಿಲ್ಲ. ಈ ಒಂದು ಅಂಶ ನನಗೆ ಬಹಳ ಮೆಚ್ಚಿಗೆಯಾಯಿತು. ಹೆಸರು ಬರೆಸುವುದರಿಂದ ಎಷ್ಟು ಮಂದಿ ಗಾಳ ಹಾಕುತ್ತಾರೆ ಎಂಬ ಎಣಿಕೆಯೂ ದೊರೆಯುತ್ತದೆ. ಎಣಿಕೆಯಿಲ್ಲದೆ ಮೀನಿನ ಲೆಕ್ಕ ಇಡುವುದೆಂತು?

ಹಾಗೆಂದು ನಾಳೆಯೇ ಇಲ್ಲಿ ಚೀಟಿ ಹರಿಯಲು ಕುಳಿತರೆ ಆಗುವ ಅನ್ಯಾಯವೂ ಕಾಣುತ್ತದೆ. ಸಂಜೆಯ ಪಲ್ಯಕ್ಕೆಂದು ಅಳಿವೆಯಲ್ಲಿ ಗಾಳ ಹಾಕುವ ಹುಡುಗನನ್ನೂ, ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ಚಿಪ್ಪು ಆಯುವ ಹೆಂಗಸರನ್ನೂ ಮೊದಲು ಹಿಡಿದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಕಾರಿನಲ್ಲಿ ಬಂದವನು ಕಾರಿನಲ್ಲೇ ಹೋಗಿರುತ್ತಾನೆ. ಆದ್ದರಿಂದ ಚೀಟಿ ಬರುವುದಾದರೆ ಅದು ವಿನೋದಕ್ಕೆ ಬರುವ ಪರಸ್ಥಳದವರಿಗೆ ಮಾತ್ರ ಇರಲಿ. ಅದನ್ನು ಕೊಡುವ ಕೆಲಸ ಆಯಾ ಊರಿನ ಮೀನುಗಾರರ ಸಹಕಾರ ಸಂಘಕ್ಕಿರಲಿ. ಹಣ ಅಳಿವೆಯ ಹೂಳಿಗೂ ಮರಿಮೀನಿಗೂ ಸಲ್ಲಲಿ ಎಂಬುದು ನನ್ನ ಅಭಿಪ್ರಾಯ.

ಅಲ್ಲಿಯ ತನಕ ಬಂದವರು ತಿಳಿದಿರಬೇಕಾದದ್ದು ಕೆಲವುಂಟು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಅದು ಎಷ್ಟೋ ಜಾತಿಯ ಮೀನು ಮೊಟ್ಟೆಯಿಡುವ ಕಾಲ. ದೋಣಿಯೇ ದಡದಲ್ಲಿರುವಾಗ ವಿನೋದದ ಗಾಳವೂ ಗೂಡಿನಲ್ಲಿರುವುದು ಲೇಸು. ಆ ತಿಂಗಳ ಅಲೆ ಕಲ್ಲಿನ ಮೇಲೆ ನಿಂತವನನ್ನು ಕೇಳಿಕೊಂಡು ಬರುವುದಿಲ್ಲ. ಕಡಲಾಮೆ, ತಿಮಿಂಗಿಲ ಶಾರ್ಕ್, ಕಡಲ್ಗುದುರೆ ಇವು 1972ರ ವನ್ಯಜೀವಿ ಕಾಯಿದೆಯ ರಕ್ಷಣೆಗೆ ಒಳಪಟ್ಟವು. ತಪ್ಪಿ ಸಿಕ್ಕಿದರೂ ಜೋಪಾನವಾಗಿ ಬಿಡಬೇಕು. ಕೋಡಿಯ ಮರಳಿಗೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ತುಂಡಾದ ನೈಲಾನ್ ದಾರವನ್ನು ಅಲ್ಲಿ ಬಿಟ್ಟುಹೋದರೆ ಅವುಗಳ ಕಾಲಿಗೆ ಅದೇ ಉರುಲು. ಬಲೆ ಹರಡಿರುವ ಕಡೆ ಗಾಳ ಎಸೆಯಬಾರದು. ಸಿಕ್ಕಿಕೊಂಡರೆ ಹರಿಯುವುದು ನಿಮ್ಮ ದಾರವಲ್ಲ, ಒಂದು ಮನೆಯ ಬಲೆ. ಎಲ್ಲಿ ನಿಲ್ಲಬಹುದು, ಭರತ ಎಷ್ಟು ಹೊತ್ತಿಗೆ ಏರುತ್ತದೆ ಎಂದು ಬಂದರಿನ ಹಿರಿಯರೊಬ್ಬರನ್ನು ಮೊದಲೇ ಕೇಳಿಕೊಳ್ಳಿ. ಅವರು ಹೇಳುತ್ತಾರೆ, ಅದಕ್ಕೆ ಡಾಲರು ಬೇಡ.