ರಜೆಯ ದಿನ ಗಂಟೆ ಬಾರಿಸುವವರು ಯಾರು?



ರಾಜ್ಯೋತ್ಸವದ ವೇದಿಕೆಯಲ್ಲಿ ನಾಡುನುಡಿಯ ಮಾತು ಬಿಟ್ಟು ಮನೆಯ ಮಗನ ಮಾತೆತ್ತಿದೆವೆಂದು ತಾವು ಬೇಸರಿಸಬಾರದು. ಮುಂಬಯಿಯಲ್ಲಿ ದೀಪಾವಳಿಯ ರಜೆಯೂ ನವೆಂಬರ್ 1ನೆಯ ತಾರೀಕೂ ಹೆಚ್ಚುಕಡಿಮೆ ಜೊತೆಯಲ್ಲೇ ಬರುತ್ತವೆ. ಆಗ ನಮ್ಮ ನಿಮ್ಮ ಮನೆಗಳಲ್ಲಿ ಕೇಳುವ ದೂರು ಒಂದೇ: “ಹುಡುಗ ಇಡೀ ದಿನ ಏನೂ ಮಾಡಲಿಲ್ಲ.”

ನಮ್ಮ ಮಗನಿಗೆ ಹತ್ತನೆಯ ತರಗತಿ. ಶಾಲೆಯಿದ್ದ ದಿನ ಹೇಗೋ ಸಾಗುತ್ತಿತ್ತು. ರಜೆ ಬಂತೆಂದರೆ ಪುಸ್ತಕ ತೆರೆಯುವನು, ಪೆನ್ಸಿಲು ಹುಡುಕಲು ಏಳುವನು, ಪೆನ್ಸಿಲಿನ ಬದಲು ಹಳೆಯ ಟಾರ್ಚು ಸಿಕ್ಕಿ ಅದನ್ನು ಬಿಚ್ಚಿ ಕೂರುವನು, ನಡುವೆ ಮೊಬೈಲು. ಸಂಜೆಗೆ ನೋಡಿದರೆ ಪುಸ್ತಕದ ಪುಟ ಅದೇ. ನಾವಿಬ್ಬರೂ ಬೈದೆವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇದೇ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಕಥೆ ಹೇಳಿದೆವು. ಒಂದು ರಾತ್ರಿ ಅವನೇ ಕೇಳಿದ: “ಅವರಿಗೆ ಹೋಟೆಲಿಗೂ ಹೊತ್ತಿತ್ತು, ಶಾಲೆಗೂ ಗಂಟೆಯಿತ್ತು. ನನಗೆ ಇಡೀ ದಿನ ಕೊಟ್ಟು ಓದು ಅಂತೀರಿ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗಲ್ಲ ಅಪ್ಪಾ. ನಾನು ಕೆಟ್ಟವನಾ?”

ಆ ಕೊನೆಯ ಪ್ರಶ್ನೆ ನಮ್ಮ ನಿದ್ದೆ ಕೆಡಿಸಿತು.

ಮುಂದಿನದನ್ನು ಯೋಚಿಸುವ, ಮನಸ್ಸನ್ನು ತಡೆದು ನಿಲ್ಲಿಸುವ ಮೆದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದಂತೆ. ಅಲ್ಲಿಯವರೆಗೆ ಹೊರಗಿನ ಗಂಟೆ ಬೇಕು. ಊರಿನಲ್ಲಿ ದನ ಕರೆಯುವ ಹೊತ್ತು, ದೀಪ ಹಚ್ಚುವ ಹೊತ್ತು ಎಂದು ದಿನಕ್ಕೆ ಗೂಟಗಳಿದ್ದವು. ಇಬ್ಬರೂ ಕೆಲಸಕ್ಕೆ ಹೋಗುವ ಇಲ್ಲಿನ ಮನೆಯಲ್ಲಿ ಅವೆಲ್ಲಿ?

ಮೊದಲು ಬಣ್ಣದ ಶಾಯಿಯಲ್ಲಿ ವೇಳಾಪಟ್ಟಿ ಬರೆದೆವು. ಅದು ಮೂರನೆಯ ದಿನವೇ ಸತ್ತಿತು. ಆಮೇಲೆ ದಿನಕ್ಕೆ ಮೂರೇ ಗೂಟ ನೆಟ್ಟೆವು. ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಬರೆದ ಲೇಖನವೊಂದರ ತಿರುಳಿದು: ‘ಓದುತ್ತೇನೆ’ ಎಂಬುದಕ್ಕಿಂತ ‘ಇಂಥದಾದೊಡನೆ ಇಂಥದು’ ಎಂದು ಗೊತ್ತುಮಾಡಿಕೊಂಡರೆ ಕೆಲಸ ನಡೆಯುತ್ತದೆ. ಆದುದರಿಂದ ನಮ್ಮಲ್ಲಿ ತಿಂಡಿಯ ತಟ್ಟೆ ತೊಳೆದಿಟ್ಟೊಡನೆ ಮೂರು ಲೆಕ್ಕ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಎಂಬವರು ವಿದ್ಯಾರ್ಥಿಯಾಗಿದ್ದಾಗ ಟೊಮ್ಯಾಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಓದಿದರು; ಅವರ ಪದ್ಧತಿಯಲ್ಲಿ 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಮ್ಮವನಿಗೆ 25 ಹೆಚ್ಚಾಯಿತು, 10ರಿಂದ ಆರಂಭಿಸಿದೆವು. ಮೊಬೈಲು ಅಡುಗೆಮನೆಯ ಮೇಲಿನ ಹಲಗೆಗೆ ಹೋಯಿತು. ನಮ್ಮ ಮೊಬೈಲೂ ಅಲ್ಲಿಗೇ ಹೋಗಬೇಕಾಯಿತೆಂಬುದು ಬೇರೆ ಮಾತು! ಎಲ್ಲಕ್ಕಿಂತ ಫಲಿಸಿದ್ದು, ರಜೆ ಹಾಕಿ ನಮ್ಮಲ್ಲೊಬ್ಬರು ಸೊಪ್ಪು ಸೋಸುತ್ತಲೋ ಲೆಕ್ಕ ಬರೆಯುತ್ತಲೋ ಅವನ ಪಕ್ಕದಲ್ಲಿ ಸುಮ್ಮನೆ ಕುಳಿತದ್ದು. ಸುಮ್ಮನಿರುವುದು ನಮಗೇ ಕಷ್ಟವಾಯಿತು. ಟಾರ್ಚಿಗೂ ಸಂಜೆ ಒಂದು ಹೊತ್ತು ಬಿಟ್ಟುಕೊಟ್ಟೆವು.

ಇನ್ನೊಂದು ಮಾತು ಸಂಕೋಚ ಬಿಟ್ಟು ಹೇಳಬೇಕು. ಚಂಚಲತೆ ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡು, ಮನೆ ಶಾಲೆ ಎರಡೂ ಕಡೆ ಆರು ತಿಂಗಳಿಗೂ ಮೀರಿ ತೊಂದರೆ ಕೊಡುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿಯೂ ಈ ಲಕ್ಷಣಗಳನ್ನೇ ನೋಡುತ್ತದೆ. ಊರವರು ಏನೆಂದಾರೋ ಎಂದು ನಾವು ಒಂದು ವರ್ಷ ತಡಮಾಡಿದೆವು. ಆ ವರ್ಷವೆಲ್ಲ ಹುಡುಗ ತನ್ನನ್ನು ಕೆಟ್ಟವನೆಂದೇ ತಿಳಿದಿದ್ದ.

ಈಗಲೂ ಕೆಲವು ದಿನ ಕೆಡುತ್ತವೆ. ಆದರೆ ಮೂರು ಗೂಟಗಳಲ್ಲಿ ಎರಡಾದರೂ ನಿಲ್ಲುತ್ತವೆ.

ಸಂಘದವರಲ್ಲಿ ಒಂದು ಬಿನ್ನಹ. ರಜೆಯಲ್ಲಿ ನಮ್ಮ ವಾಚನಾಲಯದ ಬಾಗಿಲನ್ನು ಬೆಳಿಗ್ಗೆ ಎರಡು ಗಂಟೆ ತೆರೆದಿಟ್ಟರೆ ನಾಲ್ಕಾರು ಮಕ್ಕಳು ಒಂದೇ ಮೇಜಿನ ಸುತ್ತ ಕೂತು ಓದಿಯಾರು. ಜೊತೆಗೆ ಸುಮ್ಮನೆ ಕೂರಲು ಹಿರಿಯರೊಬ್ಬರು ಸಾಕು. ಶನಿವಾರ, ಭಾನುವಾರ ನಾವು ಬರುತ್ತೇವೆ. ಉಳಿದ ದಿನಗಳಿಗೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ದಯವಿಟ್ಟು ನಮ್ಮನ್ನು ಕಾಣಬೇಕು.