ಎದುರು ಮೇಳವಿಲ್ಲದ ಹಾಡು: ಮನರಂಜನೆ ಮತ್ತು ನಮ್ಮ ಯುವಜನರ ನಿಲುವು



ಆಳಂದ ತಾಲ್ಲೂಕಿನ ನಿಂಬರ್ಗಾದಂಥ ಹೋಬಳಿ ಊರಿನಲ್ಲಿ ದತ್ತಿ ಉಪನ್ಯಾಸವೆಂದರೆ ವಚನ, ತತ್ವಪದ, ಇಲ್ಲವೇ ಯಾರಾದರೊಬ್ಬ ಕವಿಯ ಬದುಕು-ಬರಹ. ಈ ಸಲ ಸಿನಿಮಾ, ಟಿ.ವಿ., ರೀಲ್ಸ್ ಮೇಲೆ ಮಾತಾಡಿರಿ ಎಂದಿದ್ದೀರಿ. “ಮೊಬೈಲ್ ಬಂದು ಹುಡುಗ್ರು ಕೆಟ್ಟು ಹೋದ್ರು” ಎಂದು ಒಂದೇ ಮಾತಿನಲ್ಲಿ ಮುಗಿಸಿ ಚಹಾಕ್ಕೆ ಎದ್ದರೆ ಹಿರಿಯರೆಲ್ಲ ತಲೆದೂಗುತ್ತೀರಿ, ಕಿರಿಯರು ಅಷ್ಟರಲ್ಲಿ ನಾಲ್ಕು ಸ್ಟೇಟಸ್ ನೋಡಿ ಮುಗಿಸಿರುತ್ತೀರಿ. ಆ ಮಾತೇನೂ ಹೊಸದಲ್ಲ. ಕಂಪನಿ ನಾಟಕ ಬಂದಾಗ, ಟೂರಿಂಗ್ ಟಾಕೀಸು ಬಂದಾಗ ಅಂದಂದಿನ ಹಿರಿಯರೂ ಇದನ್ನೇ ಅಂದವರು.

ನನ್ನ ವಾದ ಬೇರೆ. ಮನರಂಜನೆ ಯುವಕರ ನಿಲುವನ್ನು ಯಾವತ್ತೂ ತಿದ್ದುತ್ತ ಬಂದಿದೆ. ಆದರೆ ನಮ್ಮ ಸೀಮೆಯ ಹಳೆಯ ಮನರಂಜನೆಯ ಒಳಗೇ ಎದುರುತ್ತರಕ್ಕೊಂದು ಜಾಗವಿತ್ತು. ಇಂದು ಆ ಜಾಗ ಖಾಲಿ ಬಿದ್ದಿದೆ.

1. ರಾತ್ರಿಯಿಡೀ ನಡೆದ ವಾದ

ಆಳಂದ, ಅಫಜಲಪುರ, ಜೇವರ್ಗಿಯಿಂದ ವಿಜಯಪುರದ ತನಕ ಹರದೇಶಿ-ನಾಗೇಶಿ ಹಾಡಿಕೆಯನ್ನು ಬಲ್ಲವರು ಇನ್ನೂ ಇದ್ದಾರೆ. ಎರಡು ಮೇಳ, ಕೈಯಲ್ಲಿ ದಪ್ಪು, ತುಂತುಣಿ, ತಾಳ. ಹರದೇಶಿಯವರದು ಶಿವನ ಪಕ್ಷ. ಗಂಡೇ ಹೆಚ್ಚು ಎಂದು ಹಾಡುವವರು. ನಾಗೇಶಿಯವರದು ಶಕ್ತಿಯ ಪಕ್ಷ. ಹೆಣ್ಣಿಲ್ಲದೆ ಶಿವನೂ ಇಲ್ಲ ಎಂದು ಹಾಡುವವರು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಲೇಬೇಕು. ಪುರಾಣ ಗೊತ್ತಿರಬೇಕು, ಲೋಕ ಗೊತ್ತಿರಬೇಕು, ನಾಲಿಗೆ ಚುರುಕಿರಬೇಕು. ಬೆಳಗಾದರೂ ವಾದ ಮುಗಿಯುತ್ತಿರಲಿಲ್ಲ.

ಆ ಹಾಡಿಕೆಯಲ್ಲಿ ಎಲ್ಲವೂ ಚೆಲುವಾಗಿತ್ತೆಂದು ಹೇಳಲಾರೆ. ಅಶ್ಲೀಲವಿತ್ತು, ಚುಚ್ಚುಮಾತಿತ್ತು, ಜಾತಿಯ ಬಿಗುವೂ ಇತ್ತು. ಆದರೆ ಗಂಡು ಹೆಚ್ಚೆಂದು ಕೇಳಿಸಿಕೊಂಡ ಹದಿನೆಂಟರ ಹುಡುಗ, ಅದೇ ರಾತ್ರಿ, ಅದೇ ಕಟ್ಟೆಯ ಮುಂದೆ ಅದಕ್ಕೆ ಎದುರುತ್ತರವನ್ನೂ ಕೇಳದೆ ಮನೆಗೆ ಹೋಗುವಂತಿರಲಿಲ್ಲ. ಚಪ್ಪಾಳೆ ಇಬ್ಬರಿಗೂ ಬೀಳುತ್ತಿತ್ತು. ಮೊಹರಂನ ರಿವಾಯತ್ ಪದಗಳಲ್ಲಿಯೂ ಇಂಥ ಸವಾಲ್-ಜವಾಬ್ ಉಂಟು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಇನ್ನೊಂದು ಬಗೆಯ ಎದುರುತ್ತರ. ಜಾತಿಯನ್ನೂ ಡಾಂಭಿಕತೆಯನ್ನೂ ಏಕತಾರಿಯ ಜೊತೆ ಪ್ರಶ್ನಿಸಿದ ಹಾಡುಗಳವು. ಅವರ ಶಿಷ್ಯ ಪರಂಪರೆಯಲ್ಲಿ ಚೆನ್ನೂರ ಜಲಾಲಸಾಹೇಬರೂ ಇದ್ದರು. ಭಜನೆಗೆಂದು ಕುಳಿತವರ ಕಿವಿಗೆ ಪ್ರಶ್ನೆಯೂ ಬೀಳುತ್ತಿತ್ತು.

2. ಊರಿನಿಂದ ಮನೆಗೆ, ಮನೆಯಿಂದ ಕೈಗೆ

ಟಿ.ವಿ. ನಮ್ಮ ಭಾಗಕ್ಕೆ ಬೆಂಗಳೂರಿನಿಂದ ಬಂತೆಂದು ತಿಳಿದವರು ಬಹಳ. ಹಾಗಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಸಂಸ್ಥೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಬಳಸಿ ‘ಸೈಟ್’ ಎಂಬ ಟಿ.ವಿ. ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳು. ಜಾಳಿಗೆಯ ಛತ್ರಿಯಂಥ ಆಂಟೆನಾ, ಊರಿಗೊಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಅದರ ಮುಂದುವರಿಕೆಯಾಗಿ 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನದ ಪ್ರಸಾರ ಬಂತು. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲಿ. ಹಿಂದುಳಿದವರೆಂದು ನಮ್ಮನ್ನು ಕರೆಯುವವರಿಗಿಂತ ಆರು ವರ್ಷ ಮೊದಲೇ ನಾವು ಟಿ.ವಿ. ನೋಡಿದವರು!

ಆ ಪ್ರಯೋಗ ನಡೆದ ವರ್ಷ ತುರ್ತು ಪರಿಸ್ಥಿತಿಯ ವರ್ಷ ಎಂಬುದನ್ನೂ ಮರೆಯಬಾರದು. ಪೆಟ್ಟಿಗೆಯಿಂದ ಬರುತ್ತಿದ್ದದ್ದು ಸರ್ಕಾರದ ದನಿಯೊಂದೇ. ಆದರೂ ನೋಡುವುದು ಒಟ್ಟಿಗೆ ಆಗುತ್ತಿತ್ತು. ಗೊಬ್ಬರದ ಬಗ್ಗೆ ಅಧಿಕಾರಿ ಹೇಳಿದ್ದು ತಪ್ಪೆನಿಸಿದರೆ ಅಲ್ಲೇ ಕುಳಿತ ರೈತ “ಅವನಿಗೇನ್ ಗೊತ್ತೋ ನಮ್ಮ ಎರಿ ಹೊಲ” ಅನ್ನಬಹುದಿತ್ತು. ಅದನ್ನು ನಾಲ್ಕು ಜನ ಕೇಳುತ್ತಿದ್ದರು.

ಮುಂದೆ 1987ರಲ್ಲಿ ರಾಮಾಯಣ ಧಾರಾವಾಹಿ ಬಂತು, 1994ರಲ್ಲಿ ಉದಯ ಟಿ.ವಿ. ಬಂತು. ಪೆಟ್ಟಿಗೆ ಊರಿನದಾಗಿದ್ದದ್ದು ಮನೆಯದಾಯಿತು. ರಿಮೋಟಿಗಾಗಿ ಜಗಳವಾದರೂ ಮಾತುಕತೆ ಉಳಿದಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ತೆರೆ ಒಬ್ಬೊಬ್ಬರ ಕೈಗೆ ಬಂತು. 2020ರ ಜೂನಿನಲ್ಲಿ ಟಿಕ್‌ಟಾಕ್ ನಿಷೇಧವಾಯಿತು, ಮರುತಿಂಗಳೇ ರೀಲ್ಸ್ ಬಂತು. ಹುಡುಗ ಯಾವುದರ ಮೇಲೆ ಹೆಚ್ಚು ಹೊತ್ತು ನಿಂತನೋ ಅಂಥದ್ದನ್ನೇ ಯಂತ್ರ ಮತ್ತೆ ತಂದು ಮುಂದಿಡುತ್ತದೆ. ಹರದೇಶಿ ಕೇಳಿದವನಿಗೆ ಹರದೇಶಿಯೇ, ನಾಗೇಶಿ ಕೇಳಿದವಳಿಗೆ ನಾಗೇಶಿಯೇ. ಎರಡು ಮೇಳಗಳೂ ಹಾಡುತ್ತಿವೆ, ಆದರೆ ಒಂದೇ ಕಟ್ಟೆಯ ಮೇಲಲ್ಲ.

3. ತೆರೆ ಒಳ್ಳೆಯದನ್ನೂ ಮಾಡಬಲ್ಲದು

ಟಿ.ವಿ.ಯಿಂದ ಕೇಡೇ ಆಯಿತು ಎನ್ನುವವರಿಗೆ ಒಂದು ಅಧ್ಯಯನ ನೆನಪಿಸುತ್ತೇನೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2001ರಿಂದ 2003ರ ನಡುವೆ ತಮಿಳುನಾಡು, ಬಿಹಾರ, ಹರಿಯಾಣ, ಗೋವಾ, ದಿಲ್ಲಿಗಳ ಮನೆಗಳ ಮಾಹಿತಿಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಹಳ್ಳಿಗೆ ಕೇಬಲ್ ಬಂದ ಮೇಲೆ, ಗಂಡ ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾದರು, ಗಂಡುಮಗುವೇ ಬೇಕೆಂಬ ಹಟವೂ ಇಳಿಯಿತು. ಕೇಬಲ್ಲಿನಲ್ಲಿ ಬಂದದ್ದೇನೂ ಸ್ತ್ರೀವಾದದ ಪಾಠವಲ್ಲ, ಅತ್ತೆ-ಸೊಸೆಯ ಧಾರಾವಾಹಿಗಳೇ. ಆದರೆ ಅವುಗಳಲ್ಲಿ ಓದಿದ, ಹೊರಗೆ ದುಡಿಯುವ, ಎದುರು ಮಾತಾಡುವ ಪಟ್ಟಣದ ಹೆಂಗಸರಿದ್ದರು. “ಹಿಂಗೂ ಇರಬಹುದು” ಎಂಬುದು ಕಣ್ಣಿಗೆ ಬಿತ್ತು. ತೆರೆ ಎದುರು ಮೇಳವಾಗಿ ಬಂದಾಗ ಹೀಗಾಗುತ್ತದೆ.

1972ರ ‘ಬಂಗಾರದ ಮನುಷ್ಯ’ ನೋಡಿ ಓದಿದ ಹುಡುಗರು ಹೊಲಕ್ಕೆ ಮರಳಿದರೆಂದು ಇಂದಿಗೂ ಹೇಳುತ್ತಾರೆ. ಎಷ್ಟು ಜನ ಮರಳಿದರೋ, ಒಕ್ಕಲುತನ ಮಾಡುವವನೂ ನಾಯಕನಾಗಬಲ್ಲ ಎಂಬುದಂತೂ ತೆರೆಯ ಮೇಲೆ ಕಂಡಿತು. ಇಂದು ತೊಗರಿ ಬೆಳೆಯುವ ನಮ್ಮ ಮನೆಯ ಹುಡುಗ ತನ್ನ ಅಪ್ಪನಂಥವನನ್ನು ಯಾವ ತೆರೆಯಲ್ಲಿ ನೋಡುತ್ತಾನೆ? ಕೆಜಿಎಫ್‌ನ ನಾಯಕನನ್ನು ನೋಡುತ್ತಾನೆ. ಪುಣೆ, ಮುಂಬಯಿಗೆ ದುಡಿಯಲು ಹೋಗಿ ಬಂದ ಅಣ್ಣನ ಕಷ್ಟವನ್ನು ನೋಡುವುದಿಲ್ಲ.

4. ನಮ್ಮ ನಾಲಿಗೆ, ಅವರ ನಗು

ಬಹುಕಾಲ ಕನ್ನಡ ಸಿನಿಮಾದಲ್ಲಿ ನಮ್ಮ ಭಾಗದ ಮಾತು ಬಂದರೆ ನಗಿಸಲಿಕ್ಕೆ ಬರುತ್ತಿತ್ತು. ನಾಯಕ ಮೈಸೂರು-ಬೆಂಗಳೂರಿನವನು, “ಯಾಕ್ರಿ, ಏನ್ರಿ” ಎನ್ನುವವನು ಅಡಿಗೆಯವನೋ ಪೇದೆಯೋ. ಇದನ್ನು ನೋಡುತ್ತ ಬೆಳೆದ ಹುಡುಗಿ ಬೆಂಗಳೂರಿನ ಸಂದರ್ಶನಕ್ಕೆ ಹೋದಾಗ ತನ್ನ ಮಾತನ್ನೇ ಮುಚ್ಚಿಕೊಳ್ಳುತ್ತಾಳೆ. ಯಾರೂ ಅವಳಿಗೆ “ನಿನ್ನ ಭಾಷೆ ಕೀಳು” ಎಂದು ಪಾಠ ಹೇಳಿಲ್ಲ. ನೂರು ಸಲ ನಕ್ಕದ್ದೇ ಪಾಠವಾಯಿತು.

ರಂಗಭೂಮಿ ಇಲ್ಲಿಯೂ ಜವಾಬು ಕೊಟ್ಟಿತು. ಜೇವರ್ಗಿ ರಾಜಣ್ಣನವರ ‘ಕುಂಟ ಕೋಣ ಮೂಕ ಜಾಣ’ದಂಥ ಕಂಪನಿ ನಾಟಕಗಳಲ್ಲಿ ಈ ಸೀಮೆಯ ಮಾತೇ ನಗಿಸಿತು, ಅಳಿಸಿತು, ಬುದ್ಧಿಯನ್ನೂ ಹೇಳಿತು. ಇನ್ನು ಟಿ.ವಿ.ಯಲ್ಲಿ, ಹಾವೇರಿ ಜಿಲ್ಲೆಯ ತಾಂಡಾದಿಂದ ಬಂದ ಕುರಿ ಕಾಯುವ ಹನುಮಂತ ಲಮಾಣಿ ‘ಸರಿಗಮಪ’ದಲ್ಲಿ ಹಾಡಿ ಹೆಸರಾಗಿ, 2025ರ ಜನವರಿಯಲ್ಲಿ ‘ಬಿಗ್ ಬಾಸ್’ ಕನ್ನಡದ ಹನ್ನೊಂದನೆಯ ಆವೃತ್ತಿ ಗೆದ್ದರು. ಆಳಂದ ತಾಲ್ಲೂಕಿನ ತಾಂಡಾದ ಹುಡುಗನಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಕಾರ್ಯಕ್ರಮ ಅವರನ್ನು ತೋರಿಸಿದ ಬಗೆಯನ್ನೂ ನೋಡಬೇಕು: ಮುಗ್ಧ, ಹಳ್ಳಿ ಹೈದ. ನಮ್ಮವರು ವೇದಿಕೆ ಏರಬಹುದು, ಮುಗ್ಧತೆಯ ಅಂಗಿ ತೊಟ್ಟೇ ಏರಬೇಕು ಎಂಬ ಕರಾರು ಅಲ್ಲಿ ಅಡಗಿದೆ. ಜಾಣತನ ಮಾತ್ರ ಪಟ್ಟಣದವರ ಪಾಲಿಗೆ ಉಳಿಯುತ್ತದೆ.

5. ಕುಣಿತ ಉಳಿಯಿತು, ಕೊನೆ ಮರೆಯಿತು

ಪಕ್ಕದ ಸೋಲಾಪುರ ಜಿಲ್ಲೆಯ ಜೇವೂರಿನ ನಾಗರಾಜ ಮಂಜುಳೆ 2016ರಲ್ಲಿ ‘ಸೈರಾಟ್’ ತೆಗೆದರು. ಅಕ್ಕಲಕೋಟೆಯ ಗಡಿಗೆ ಹತ್ತಿದ ನಮ್ಮ ಹಳ್ಳಿಗಳಿಗೆ ಮರಾಠಿ ಪರಕೀಯವಲ್ಲ, ಅನುವಾದ ಬೇಕಾಗಲಿಲ್ಲ. ಅದರ ನಾಯಕಿ ಟ್ರ್ಯಾಕ್ಟರ್ ಹೊಡೆಯುತ್ತಾಳೆ, ಬುಲೆಟ್ ಓಡಿಸುತ್ತಾಳೆ, ತನ್ನ ಮನಸ್ಸನ್ನು ತಾನೇ ಹೇಳುತ್ತಾಳೆ. ಕೊನೆಗೆ ಜಾತಿ ಮೀರಿ ಮದುವೆಯಾದ ಇಬ್ಬರನ್ನೂ ಹುಡುಗಿಯ ಮನೆಯವರೇ ಕೊಲ್ಲುತ್ತಾರೆ. ಮರುವರ್ಷ ಅದು ‘ಮನಸು ಮಲ್ಲಿಗೆ’ ಆಗಿ ಕನ್ನಡಕ್ಕೂ ಬಂತು.

ಆ ಚಿತ್ರದ ‘ಝಿಂಗಾಟ್’ ಹಾಡು ನಮ್ಮ ಮದುವೆ ಮೆರವಣಿಗೆಯ ಡಿಜೆಯಲ್ಲಿ ವರ್ಷಗಟ್ಟಲೆ ಮೊಳಗಿತು. ಜಾತಿಯೊಳಗಿನ ಮದುವೆಯಲ್ಲಿ, ಜಾತಿ ಮೀರಿದ ಪ್ರೀತಿಯ ಹಾಡಿಗೆ, ಜಾತಿಯ ಹಿರಿಯರೇ ಕುಣಿದರು. ಮಂಜುಳೆ ಎಸೆದ ಸವಾಲಿನಿಂದ ನಾವು ಕುಣಿತವನ್ನಷ್ಟೇ ಇಟ್ಟುಕೊಂಡು ಪ್ರಶ್ನೆಯನ್ನು ಬಿಟ್ಟೆವು. ಒಳ್ಳೆಯ ಕೃತಿ ಬಂದರೂ ಅದರ ಬಗ್ಗೆ ಕೂತು ಮಾತಾಡುವ ಕಟ್ಟೆ ಇಲ್ಲದಿದ್ದರೆ ಇಷ್ಟೇ ಆಗುವುದು.

ಹುಡುಗಿ ಬೇಡವೆಂದರೂ ಬೆನ್ನು ಹತ್ತಿ ಒಪ್ಪಿಸುವ ನಾಯಕನನ್ನು ನಮ್ಮ ಸಿನಿಮಾಗಳು ದಶಕಗಳಿಂದ ಗೆಲ್ಲಿಸುತ್ತ ಬಂದಿವೆ. ಕಾನೂನಿನಲ್ಲಿ ಇದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಂ ಇದಕ್ಕೇ ಇದೆ. ಯೂಟ್ಯೂಬಿನ ‘ಜಾನಪದ ಡಿಜೆ’ ಹಾಡುಗಳಲ್ಲಿ ಡ್ರೈವರ್, ಗೌಂಡಿ, ರೈತನ ಮಗ ನಾಯಕರಾಗಿರುವುದು ಸಂತೋಷವೇ. ಆದರೆ ಅವುಗಳಲ್ಲಿ ಹುಡುಗಿಯ ಪಾಲಿಗೆ ಬರುವುದು ಬಹಳ ಸಲ ಎರಡೇ ವೇಷ: ಚೆಲುವೆ, ಇಲ್ಲವೇ ಕೈಕೊಟ್ಟವಳು. ಅವಳು ಯಾಕೆ ಒಲ್ಲೆನೆಂದಳು ಎಂದು ಹಾಡುವ ನಾಗೇಶಿ ಎಲ್ಲಿದ್ದಾಳೆ?

ಅವಳ ಕೈಯಲ್ಲಿ ಫೋನೇ ಇಲ್ಲ ಎಂಬುದು ಒಂದು ಉತ್ತರ. ದೇಶದ ಗ್ರಾಮೀಣ ಭಾಗದ 14ರಿಂದ 18ರ ವಯಸ್ಸಿನವರ ಬಗ್ಗೆ ನಡೆದ 2023ರ ‘ಅಸರ್’ ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಸುಮಾರು ಶೇ. 44, ಹುಡುಗಿಯರು ಶೇ. 20. ಅಣ್ಣನ ಫೋನಿನಲ್ಲಿ ಅಣ್ಣನ ರುಚಿಯೇ ಅವಳ ಕಣ್ಣಿಗೂ ಬೀಳುತ್ತದೆ.

6. ಆಟದ ಹೆಸರಿನ ಜೂಜು

ಮನರಂಜನೆ ಕಲಿಸಿದ ಇನ್ನೊಂದು ನಂಬಿಕೆ, ದುಡಿಯದೆ ದುಡ್ಡು ಬರುತ್ತದೆ ಎಂಬುದು. ಐಪಿಎಲ್ ನಡುವೆ ದೊಡ್ಡ ಆಟಗಾರರೇ ಬಂದು ತಂಡ ಕಟ್ಟಿ, ಹಣ ಗೆಲ್ಲಿ ಎಂದರು. 2023ರಿಂದ ಭಾರತ ತಂಡದ ಅಂಗಿಯ ಮೇಲೆಯೇ ಡ್ರೀಮ್11 ಹೆಸರಿತ್ತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಜೂಜು ತಡೆಯಲು ನೋಡಿತು; 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿತು. ಕಾಯ್ದೆ ಆ್ಯಪ್ ಮುಚ್ಚಿಸಬಹುದು. ಬೆವರಿಗೆ ಬೆಲೆಯಿಲ್ಲ, ನಸೀಬಿಗಿದೆ ಎಂಬ ನಂಬಿಕೆಯನ್ನು ಮುಚ್ಚಿಸುವ ಕಲಂ ಯಾವ ಕಾಯ್ದೆಯಲ್ಲೂ ಇಲ್ಲ.

7. ಕಟ್ಟೆಯನ್ನು ಮತ್ತೆ ಹಾಕೋಣ

ಫೋನ್ ಕಸಿದುಕೊಳ್ಳಿ ಎಂದು ಹೇಳಲಿಕ್ಕೆ ನಾನು ಬಂದಿಲ್ಲ. ಕಸಿದರೆ ಬಚ್ಚಿಟ್ಟು ನೋಡುವುದನ್ನು ಕಲಿಯುತ್ತಾರೆ. ನಮ್ಮ ಕೈಲಾಗುವ ಮೂರು ಕೆಲಸ ಹೇಳುತ್ತೇನೆ.

ಒಂದು, ಪ್ರೌಢಶಾಲೆ, ಕಾಲೇಜುಗಳಲ್ಲಿ ಶನಿವಾರದ ಒಂದು ತಾಸು ಸವಾಲ್-ಜವಾಬಿಗೆ ಮೀಸಲಿಡಿ. ಹುಡುಗರೇ ಒಂದು ಸಿನಿಮಾ ದೃಶ್ಯವನ್ನೋ ರೀಲನ್ನೋ ಆರಿಸಲಿ. ಒಂದು ಮೇಳ ಅದರ ಪರ, ಇನ್ನೊಂದು ಎದುರು. ಮರುವಾರ ಪಕ್ಷ ಬದಲಿಸಿ. ತಾನು ಒಪ್ಪದ್ದನ್ನು ವಾದಿಸಿ ನೋಡಿದವನು ತಾನು ಒಪ್ಪಿದ್ದನ್ನು ಹೊಸ ಕಣ್ಣಿನಿಂದ ನೋಡುತ್ತಾನೆ.

ಎರಡು, ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಹುಡುಗಿಯರಿಗೇ ಮೀಸಲಾದ ಹೊತ್ತು ಇರಲಿ, ಅಲ್ಲಿಯ ಕಂಪ್ಯೂಟರ್ ಅವರ ಕೈಗೂ ಸಿಗಲಿ. ನೋಡುವುದಷ್ಟೇ ಅಲ್ಲ, ಅವರೂ ಹಾಡು ಕಟ್ಟಲಿ, ಚಿತ್ರ ತೆಗೆಯಲಿ.

ಮೂರು, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ, ನಮ್ಮದೇ ತಾಲ್ಲೂಕು. ಅಲ್ಲಿಯ ವಿದ್ಯಾರ್ಥಿಗಳು ಹರದೇಶಿ-ನಾಗೇಶಿಯ ಹಿರಿಯ ಹಾಡುಗಾರರನ್ನು ಇದ್ದಾಗಲೇ ದಾಖಲಿಸಿಕೊಳ್ಳಲಿ. ಸಂಗ್ರಹಾಲಯಕ್ಕಾಗಿ ಅಲ್ಲ, ಯೂಟ್ಯೂಬಿಗಾಗಿ.

ಇದರಿಂದ ಯಂತ್ರದ ಲೆಕ್ಕಾಚಾರ ಸೋಲುತ್ತದೆಂದು ನಾನು ನಂಬಿಲ್ಲ. ಆದರೆ ವಾರಕ್ಕೊಮ್ಮೆ “ಅದು ಹಂಗ್ಯಾಕ್ರಿ?” ಎಂದು ಗಟ್ಟಿಯಾಗಿ ಕೇಳಿದ ಹುಡುಗಿ, ಒಬ್ಬಳೇ ಕೂತು ನೋಡುವಾಗಲೂ ಅದನ್ನೇ ಮನಸ್ಸಿನಲ್ಲಿ ಕೇಳುತ್ತಾಳೆ. ಅಷ್ಟಾದರೆ ಸಾಕು.

ದತ್ತಿ ಇಟ್ಟವರಿಗೂ ಒಂದು ವಿನಂತಿ. ಮುಂದಿನ ವರ್ಷ ಉಪನ್ಯಾಸಕನೊಬ್ಬನನ್ನೇ ಕರೆಯಬೇಡಿ. ಇಬ್ಬರನ್ನು ಕರೆಯಿರಿ, ಒಬ್ಬರು ಮೂವತ್ತರ ಒಳಗಿನವರಿರಲಿ, ಮೊದಲನೆಯವರು ಹೇಳಿದ್ದನ್ನು ಅವರು ಅಲ್ಲಗಳೆಯಲಿ. ಎರಡನೆಯವರಿಗೂ ಇಷ್ಟೇ ಸಂಭಾವನೆ ಕೊಡಿ.